ಹಂಪಿಯನ್ನು ಸೈಕಲ್ ತುಳಿದು, ನಡೆದು ನೋಡುವುದು ಅಪಾಯವೇ?

ಪ್ರಶ್ನೆ: ನನಗೆ 46 ವರ್ಷ. ಡಿಸೆಂಬರ್ ಕೊನೆಯಲ್ಲಿ ನಾನು, ನಮ್ಮ ಯಜಮಾನರು ಮತ್ತು 13 ವರ್ಷದ ಮಗ ಎರಡು ದಿನ ಹಂಪಿಗೆ ಹೋಗಬೇಕೆಂದಿದ್ದೇವೆ. ಆಟೊ ಹಿಡಿಯದೆ ಬಾಡಿಗೆ ಸೈಕಲ್‌ನಲ್ಲಿ ಮತ್ತು ಕಾಲ್ನಡಿಗೆಯಲ್ಲಿಯೇ ನೋಡಬೇಕೆಂಬುದು ಮಗನ ಆಸೆ. ಆದರೆ ಹಂಪಿಗೆ ಹೋಗಿಬಂದ ನೆಂಟರೆಲ್ಲ ಹೆದರಿಸುತ್ತಿದ್ದಾರೆ. ಬಿಸಿಲಿಗೆ ತಲೆ ತಿರುಗಿ ಬೀಳುತ್ತೀರಿ, ಬಂಡೆಗಳ ನಡುವೆ ದಾರಿ ತಪ್ಪುತ್ತೀರಿ, ಕರಡಿ ಚಿರತೆಗಳಿವೆ, ಕಳ್ಳರಿದ್ದಾರೆ, ಆಟೊದಲ್ಲಿ ಒಂದೇ ದಿನದಲ್ಲಿ ಎಲ್ಲವನ್ನೂ ತೋರಿಸಿಬಿಡುತ್ತಾರೆ ಎನ್ನುತ್ತಾರೆ. ನನಗೆ ಬಲ ಮಂಡಿಯಲ್ಲಿ ಆಗಾಗ ನೋವು ಬರುತ್ತದೆ, ಮುಖ್ಯವಾಗಿ ಮೆಟ್ಟಿಲು ಇಳಿಯುವಾಗ. ಮಾತಂಗ ಬೆಟ್ಟದ ಮೇಲೆ ಸೂರ್ಯೋದಯ ನೋಡುವುದು ನನ್ನಿಂದಾದೀತೇ? ಮೊಬೈಲ್ ನಕ್ಷೆಯಲ್ಲಿ ಕಾಣುವ ಕಾಲುದಾರಿಗಳನ್ನು ನಂಬಬಹುದೇ? ಗೈಡ್ ಬೇಕೇ?

ಉತ್ತರ: ಹಂಪಿಯಲ್ಲಿ ಪಾರಂಪರಿಕ ನಡಿಗೆಗಳನ್ನು ನಡೆಸುವುದು ನನ್ನ ವೃತ್ತಿ. ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಆತಂಕಗಳು ಒಂದರೊಳಗೊಂದು ಸೇರಿಕೊಂಡಿವೆ. ಸೈಕಲ್ ಮತ್ತು ಕಾಲ್ನಡಿಗೆಯಿಂದ ನಿಮಗೆ ಅಪಾಯವಾದೀತೇ ಎಂಬುದು ಒಂದು. ಹಾಗೆ ನೋಡಲು ಹೋಗಿ ಹಂಪಿಯ ಮುಖ್ಯ ಭಾಗಗಳೇ ತಪ್ಪಿಹೋದಾವೇ ಎಂಬುದು ಇನ್ನೊಂದು. ಎರಡನೆಯದನ್ನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದು ತಿಳಿಯಾದರೆ ಎಲ್ಲಿ ಸೈಕಲ್ ತುಳಿಯಬೇಕು, ಎಲ್ಲಿ ಇಳಿದು ನಡೆಯಬೇಕು ಎಂಬುದು ತಾನಾಗಿ ಗೊತ್ತಾಗುತ್ತದೆ.

ಆಟೊದಲ್ಲಿ ಒಂದೇ ದಿನದಲ್ಲಿ ಎಲ್ಲವನ್ನೂ ನೋಡಬಹುದು ಎಂಬ ಮಾತು ಅರ್ಧ ನಿಜ. ಪ್ರಸಿದ್ಧ ಸ್ಮಾರಕಗಳ ಮುಂದೆ ಒಂದೇ ದಿನದಲ್ಲಿ ನಿಂತು ಬರಬಹುದು. ಆದರೆ ಹಂಪಿ ಸ್ಮಾರಕಗಳ ಪಟ್ಟಿಯಲ್ಲ, ಅದೊಂದು ರಾಜಧಾನಿ. 1565ರ ರಕ್ಕಸ-ತಂಗಡಿ ಯುದ್ಧದ ನಂತರ ಹಾಳುಬಿದ್ದ ಆ ನಗರದ ಬೀದಿಗಳು, ಕೋಟೆಬಾಗಿಲುಗಳು, ಕಾಲುವೆಗಳು, ಕೆರೆಗಳು, ಬಂಡೆಯಲ್ಲಿ ಕಡಿದ ಮೆಟ್ಟಿಲುಗಳು ಇಂದಿಗೂ ಬಹುಪಾಲು ಇದ್ದ ಜಾಗದಲ್ಲಿಯೇ ಇವೆ. ಸುಮಾರು 1520ರ ಹೊತ್ತಿಗೆ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಒಂದು ಗುಡ್ಡ ಹತ್ತಿ ನೋಡಿದರೂ ನಗರ ಪೂರ್ತಿ ಕಾಣಲಿಲ್ಲ, ಅದು ಹಲವು ಬೆಟ್ಟಸಾಲುಗಳ ನಡುವೆ ಹರಡಿಕೊಂಡಿದೆ, ಕಂಡಷ್ಟು ಭಾಗವೇ ರೋಮ್‌ನಷ್ಟು ದೊಡ್ಡದೆನಿಸಿತು ಎಂದು ಬರೆದಿದ್ದಾನೆ. ಒಂದು ಜಾಗದಿಂದ ಕಾಣದ ನಗರವನ್ನು ಅದರ ದಾರಿಗಳಲ್ಲಿ ಸಾಗಿಯೇ ಅರಿಯಬೇಕು. ಆ ದಾರಿಗಳು ಕಾಲಿಗೆ, ಎತ್ತಿಗೆ, ಕುದುರೆ ಆನೆಗಳಿಗೆ ಮಾಡಿದಂಥವು. ಆಟೊಗಳು ಓಡಾಡುವುದು ಡಾಂಬರು ರಸ್ತೆಯಲ್ಲಿ. ಹಾಗಾಗಿ ಆಟೊದಲ್ಲಿ ಬಂದವರು ವಿಠ್ಠಲ ದೇವಾಲಯವನ್ನು ತಳಾರಿಘಟ್ಟದ ಕಡೆಯ ವಾಹನ ನಿಲ್ದಾಣದಿಂದ, ಬ್ಯಾಟರಿ ವಾಹನದಲ್ಲಿ ಕುಳಿತು ತಲುಪುತ್ತಾರೆ. ವಿರೂಪಾಕ್ಷನ ಸನ್ನಿಧಿಯಿಂದ ಹೊಳೆಯ ದಂಡೆಗುಂಟ ಕಾಲುದಾರಿ ಹಿಡಿದು ಹೋಗುವುದೇ ಬೇರೆ. ಆ ದಾರಿ ಇದೆಯೆಂಬುದೇ ಆಟೊದಲ್ಲಿ ಬಂದ ಎಷ್ಟೋ ಮಂದಿಗೆ ಗೊತ್ತಾಗುವುದಿಲ್ಲ.

ಹಂಪಿಯ ರಚನೆಯನ್ನು ಸ್ವಲ್ಪ ತಿಳಿದುಕೊಂಡರೆ ನಿಮ್ಮ ಎರಡು ದಿನಗಳ ಹಂಚಿಕೆ ಸುಲಭವಾಗುತ್ತದೆ. ಉತ್ತರದಲ್ಲಿ ತುಂಗಭದ್ರೆಯ ದಂಡೆಗೆ ವಿರೂಪಾಕ್ಷ, ಅಚ್ಯುತರಾಯ, ವಿಠ್ಠಲ ಮುಂತಾದ ದೇವಾಲಯಗಳೂ ಅವುಗಳ ರಥಬೀದಿಗಳೂ ಇವೆ. ದಕ್ಷಿಣದಲ್ಲಿ, ಕಮಲಾಪುರದ ಕಡೆಗೆ, ಮಹಾನವಮಿ ದಿಬ್ಬ, ಹಜಾರ ರಾಮ ದೇವಾಲಯ, ಕಮಲ ಮಹಲ್, ಆನೆ ಲಾಯ ಮೊದಲಾದವುಗಳಿರುವ ಅರಮನೆಯ ಆವರಣಗಳಿವೆ. ಇವೆರಡರ ನಡುವೆ ನೀರಾವರಿಯ ಕಣಿವೆಯೊಂದು ಹಾದುಹೋಗುತ್ತದೆ. ವಿಜಯನಗರದ ಕಾಲದ ತುರ್ತು ಕಾಲುವೆಯ ನೀರಿನಲ್ಲಿ ಇಂದಿಗೂ ಅಲ್ಲಿ ಬಾಳೆ, ಭತ್ತ, ಕಬ್ಬು ಬೆಳೆಯುತ್ತಾರೆ. ಸೈಕಲ್ ಇರಬೇಕಾದ್ದು ಈ ಕಣಿವೆ ಮತ್ತು ಅರಮನೆಯ ಭಾಗಕ್ಕೆ. ಹೊಳೆದಂಡೆಯ ದೇವಾಲಯಗಳ ಭಾಗಕ್ಕೆ ಕಾಲು ಸಾಕು, ಅಲ್ಲಿ ಸೈಕಲ್ ಹೊರೆಯಾಗುತ್ತದೆ. ಪೂರ್ತಿ ಸೈಕಲ್‌ನಲ್ಲಿಯೇ ನೋಡುತ್ತೇವೆಂದು ಹೊರಟವರು ಹೊಳೆದಂಡೆಯ ಮೆಟ್ಟಿಲು, ಬಂಡೆಗಳ ಮೇಲೆ ಸೈಕಲ್ ಹೊತ್ತು ಬಸವಳಿಯುವುದನ್ನು ನಾನು ಪ್ರತಿ ಚಳಿಗಾಲವೂ ನೋಡುತ್ತೇನೆ. ಪೂರ್ತಿ ನಡೆದೇ ನೋಡುತ್ತೇವೆ ಎನ್ನುವವರ ಶಕ್ತಿಯೆಲ್ಲ ಕಮಲಾಪುರದ ಡಾಂಬರು ರಸ್ತೆಯಲ್ಲಿಯೇ ಮುಗಿದುಹೋಗುತ್ತದೆ.

ಈಗ ಅಪಾಯಗಳ ವಿಷಯ. ನಿಮ್ಮ ನೆಂಟರು ಹೇಳಿದ್ದರಲ್ಲಿ ಯಾವುದೂ ಪೂರ್ತಿ ಸುಳ್ಳಲ್ಲ, ಆದರೆ ಎಲ್ಲವೂ ಒಂದೇ ತೂಕದವಲ್ಲ. ಹಂಪಿಯಲ್ಲಿ ಪ್ರವಾಸಿಗರನ್ನು ಹೆಚ್ಚಾಗಿ ಕಾಡುವುದು ಬಿಸಿಲು ಮತ್ತು ಜಾರಿ ಬೀಳುವುದು. ಕರಡಿಯೂ ಕಳ್ಳರೂ ಅವುಗಳ ಬಹಳ ನಂತರ ಬರುತ್ತಾರೆ.

ಡಿಸೆಂಬರ್‌ನಲ್ಲಿ ಇಲ್ಲಿಯ ಮಧ್ಯಾಹ್ನದ ಉಷ್ಣಾಂಶ ಸಾಮಾನ್ಯವಾಗಿ 30 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಮುಟ್ಟುವುದುಂಟು. 30 ಡಿಗ್ರಿಯೆಂದರೆ ದಾವಣಗೆರೆ, ರಾಯಚೂರಿನ ಕಡೆಯವರಿಗೆ ಏನೂ ಅಲ್ಲವೆನಿಸಬಹುದು. ಆದರೆ ಹವಾಮಾನ ವರದಿಯ ಅಂಕಿ ನೆರಳಿನಲ್ಲಿ ಅಳೆದ ಗಾಳಿಯದು. ಹಂಪಿಯಲ್ಲಿ ನೀವು ಗಂಟೆಗಟ್ಟಲೆ ಇರುವುದು ಬಂಡೆಗಳ ನಡುವೆ, ಮರಗಳಿಲ್ಲದ ಬಯಲಿನಲ್ಲಿ. ಬೆಳಗಿನಿಂದ ಕಾಯ್ದ ಬಂಡೆ ಮಧ್ಯಾಹ್ನ ಆ ಕಾವನ್ನೇ ಹೊರಚೆಲ್ಲುತ್ತದೆ. ತಲೆಯ ಮೇಲೆ ಬಿಸಿಲು, ಕಾಲ ಕೆಳಗೆ ಕಾವು, ಎರಡೂ ಒಟ್ಟಿಗೆ ಬಡಿಯುತ್ತವೆ. ಸೈಕಲ್ ತುಳಿಯುವಾಗ ಗಾಳಿ ಬೀಸಿ ಬೆವರು ಆರುವುದರಿಂದ ದೇಹದಲ್ಲಿ ನೀರು ಕಡಿಮೆಯಾಗುತ್ತಿರುವುದು ಗೊತ್ತೇ ಆಗುವುದಿಲ್ಲ. ಇಳಿದು ನಿಂತ ಮೇಲೆ ತಲೆ ಸುತ್ತುತ್ತದೆ. ಹದಿಹರೆಯದ ಮಕ್ಕಳು ಉತ್ಸಾಹದಲ್ಲಿ ನೀರು ಕೇಳುವುದನ್ನೇ ಮರೆಯುತ್ತಾರೆ, ಆದ್ದರಿಂದ ಮಗ ಕೇಳಲೆಂದು ಕಾಯದೆ ನೀವೇ ಕುಡಿಸಿ. ತಲೆಗೆ ಎರಡು ಲೀಟರಿಗೆ ಕಡಿಮೆಯಾಗದಂತೆ ನೀರು, ಜೊತೆಗೆ ಒಂದೆರಡು ಓಆರ್‌ಎಸ್ ಪೊಟ್ಟಣ, ಅಂಚು ಅಗಲವಾದ ಟೋಪಿ ಇರಲಿ. ಬೆಳಗಿನ ಆರೂವರೆಗೆ ಹೊರಟು ಹನ್ನೊಂದೂವರೆಗೆ ಆ ಹೊತ್ತಿನ ಸುತ್ತಾಟ ಮುಗಿಸಿ, ಮತ್ತೆ ಮೂರೂವರೆಗೆ ಹೊರಡಿ. ನಡುವಿನ ಹೊತ್ತಿಗೆ ಕಮಲಾಪುರದಲ್ಲಿರುವ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯ ಬಹಳ ಒಳ್ಳೆಯದು. ಅಲ್ಲಿ ಇಡೀ ಹಂಪಿಯ ಬೆಟ್ಟ, ಹೊಳೆ, ದೇವಾಲಯಗಳ ದೊಡ್ಡ ಮಾದರಿಯೊಂದಿದೆ. ಅದರ ಸುತ್ತ ಹದಿನೈದು ನಿಮಿಷ ನಿಂತರೆ ಮರುದಿನದ ನಡಿಗೆಯ ದಿಕ್ಕು ನಿಮ್ಮ ಮಗನ ತಲೆಯಲ್ಲಿ ಅಚ್ಚೊತ್ತುತ್ತದೆ.

ಕರಡಿ ಚಿರತೆಗಳು ಈ ಸೀಮೆಯಲ್ಲಿ ಇರುವುದು ನಿಜ. ಹಂಪಿಯಿಂದ ದೂರವೇನಲ್ಲದ ದರೋಜಿಯಲ್ಲಿ ಕರಡಿಧಾಮವೇ ಇದೆ. ಚಿರತೆಗಳು ಎರಡೂ ದಂಡೆಗಳ ಬಂಡೆಗುಡ್ಡಗಳಲ್ಲಿ ಬೀಡುಬಿಟ್ಟಿರುತ್ತವೆ. ಅವು ಹೊರಬೀಳುವುದು ಕತ್ತಲಾದ ಮೇಲೆ ಮತ್ತು ನಸುಕಿನಲ್ಲಿ. ಹಗಲಿನಲ್ಲಿ ಜನರೋಡಾಡುವ ದಾರಿಯಲ್ಲಿ ಇವುಗಳ ಭಯ ಬೇಡ. ಕತ್ತಲಲ್ಲಿ ಗುಡ್ಡದ ಮಗ್ಗುಲಿನ ಒಂಟಿ ದಾರಿಗಳಲ್ಲಿ ಮಾತ್ರ ಭಯಪಡುವುದೇ ಸರಿ. ಕಳ್ಳತನದ ವಿಷಯವೂ ಹೀಗೆಯೇ. ಸಂಜೆಯ ನಂತರ ನಿರ್ಜನ ಜಾಗಗಳಲ್ಲಿ ಅಪರಾಧಗಳು ನಡೆದದ್ದುಂಟು. 2025ರ ಮಾರ್ಚ್‌ನಲ್ಲಿ ಹೊಳೆಯಾಚೆ ಸಾಣಾಪುರದ ಕಾಲುವೆಯ ಬಳಿ ರಾತ್ರಿ ಹೊತ್ತು ಪ್ರವಾಸಿಗರ ಮೇಲೆ ನಡೆದ ಘೋರ ದಾಳಿಯನ್ನು ನೀವೂ ಪತ್ರಿಕೆಗಳಲ್ಲಿ ಓದಿರುತ್ತೀರಿ. ಆದ್ದರಿಂದ ಒಂದೇ ನಿಯಮ ಇಟ್ಟುಕೊಳ್ಳಿ: ಡಿಸೆಂಬರ್‌ನಲ್ಲಿ ಆರು ಗಂಟೆಯ ಹೊತ್ತಿಗೆ ಸೂರ್ಯ ಮುಳುಗುತ್ತಾನೆ, ಅಷ್ಟರೊಳಗೆ ಊರು ಸೇರಿರಬೇಕು. ಬಾಡಿಗೆ ಸೈಕಲ್‌ಗಳಿಗೆ ದೀಪವಿರುವುದು ಅಪರೂಪ ಎಂಬ ಕಾರಣಕ್ಕೂ ಇದು ಮುಖ್ಯ.

ನಿಮ್ಮ ಮಂಡಿಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಊದಿಕೊಳ್ಳುವುದು, ನಡೆಯುವಾಗ ಮಂಡಿ ಕೈಕೊಟ್ಟಂತಾಗುವುದು ಇದ್ದರೆ ಹೊರಡುವ ಮುನ್ನ ಮೂಳೆ ವೈದ್ಯರಿಗೆ ತೋರಿಸಿ. ಅದರ ಚಿಕಿತ್ಸೆ ನನ್ನ ಕ್ಷೇತ್ರವಲ್ಲ. ಆದರೆ ಮೆಟ್ಟಿಲು ಇಳಿಯುವಾಗ ನೋಯುವವರು ಅನೇಕರು ನನ್ನ ಜೊತೆ ನಡೆದಿದ್ದಾರೆ. ಅವರಲ್ಲಿ ಹೆಚ್ಚಿನವರಿಗೆ ಸಮತಟ್ಟಾದ ರಸ್ತೆಯಲ್ಲಿ ಸೈಕಲ್ ತುಳಿಯುವುದು ಕಷ್ಟವಾಗುವುದಿಲ್ಲ, ಏಕೆಂದರೆ ಮೈಭಾರವನ್ನು ಸೀಟು ಹೊರುತ್ತದೆ. ಕಷ್ಟ ಬರುವುದು ಸೀಟು ತೀರಾ ಕೆಳಗಿದ್ದಾಗ. ಆಗ ಪ್ರತಿ ತುಳಿತಕ್ಕೂ ಮಂಡಿ ಅತಿಯಾಗಿ ಮಡಚಿಕೊಂಡು ಮಂಡಿಚಿಪ್ಪಿನ ಹಿಂದೆ ಒತ್ತಡ ಬೀಳುತ್ತದೆ. ಬಾಡಿಗೆಯವರು ಎಲ್ಲರಿಗೂ ಹೊಂದಲೆಂದು ಸೀಟನ್ನು ತಗ್ಗಿಸಿಯೇ ಇಟ್ಟಿರುತ್ತಾರೆ. ಪೆಡಲ್ ಕೆಳಗಿದ್ದಾಗ ನಿಮ್ಮ ಕಾಲು ಬಹುಪಾಲು ನೆಟ್ಟಗಾಗಿ, ಮಂಡಿಯಲ್ಲಿ ತುಸು ಬಾಗು ಮಾತ್ರ ಉಳಿಯುವಷ್ಟು ಎತ್ತರಕ್ಕೆ ಏರಿಸಿಕೊಡಲು ಕೇಳಿ. ಸ್ಪ್ಯಾನರ್ ಅವರಲ್ಲಿಯೇ ಇರುತ್ತದೆ. ಅದೇ ಹೊತ್ತಿನಲ್ಲಿ ಮುಂದಿನ ಮತ್ತು ಹಿಂದಿನ ಬ್ರೇಕ್ ಎರಡನ್ನೂ ಹಿಡಿದು ಸೈಕಲ್ ನೂಕಿ ನೋಡಿ. ಕಡಲೆಕಾಳು ಗಣೇಶನ ಬಳಿಯಿಂದ ಹಂಪಿ ಬಜಾರಿಗೆ ಇಳಿಯುವ ರಸ್ತೆ ಕಡಿದಾಗಿದೆ, ಬಸ್ಸುಗಳೂ ಓಡಾಡುತ್ತವೆ. ಅಲ್ಲಿ ಬ್ರೇಕ್ ಹಿಡಿಯದಿದ್ದರೆ ನಿಮ್ಮ ನೆಂಟರು ಹೇಳಿದ ಎಲ್ಲ ಅಪಾಯಗಳಿಗಿಂತ ಅದೇ ದೊಡ್ಡದು. ಮಗನಿಗೆ ಆ ಇಳಿಜಾರಿನಲ್ಲಿ ಇಳಿದು ತಳ್ಳಿಕೊಂಡು ಬರಲು ಮೊದಲೇ ಹೇಳಿಡಿ.

ಮಾತಂಗ ಬೆಟ್ಟ ಹಂಪಿಯ ನಡುಭಾಗದ ಅತಿ ಎತ್ತರದ ಗುಡ್ಡ. ಅಲ್ಲಿಂದ ಕಾಣುವ ನೋಟಕ್ಕೆ ಸಾಟಿಯಿಲ್ಲ ಎಂಬುದು ನಿಜ. ಆದರೂ ನಿಮಗೆ ನಾನು ಅದನ್ನು ಸೂಚಿಸುವುದಿಲ್ಲ. ಸೂರ್ಯೋದಯಕ್ಕೆ ತುದಿಯಲ್ಲಿರಬೇಕಾದರೆ ಕತ್ತಲಲ್ಲೇ ಹತ್ತಬೇಕು. ಕಲ್ಲುಮೆಟ್ಟಿಲುಗಳು ಎತ್ತರ ತಗ್ಗಾಗಿವೆ, ಕೆಲವು ಕಡೆ ಬಂಡೆಯ ಅಂಚಿನಲ್ಲಿಯೇ ಸಾಗಬೇಕು, ಮತ್ತು ನಿಮ್ಮ ಮಂಡಿಗೆ ಬೇಡವಾದ ಇಳಿತವನ್ನು ದಿನದ ಆರಂಭದಲ್ಲಿಯೇ ಮಾಡಬೇಕಾಗುತ್ತದೆ. ಯಜಮಾನರೂ ಮಗನೂ ಹೋಗಲೇಬೇಕೆಂದಿದ್ದರೆ ಸ್ಥಳ ಬಲ್ಲವರೊಬ್ಬರನ್ನು ಜೊತೆಗೆ ಕರೆದುಕೊಂಡು, ಕೈಗೊಂದು ಟಾರ್ಚ್ ಹಿಡಿದು, ಮೆಟ್ಟಿಲಿರುವ ದಾರಿಯಲ್ಲಿಯೇ ಹತ್ತಿ ಇಳಿಯಲಿ. ನಿಮಗೆ ಹೇಮಕೂಟವಿದೆ. ವಿರೂಪಾಕ್ಷ ದೇವಾಲಯದ ಪಕ್ಕದಲ್ಲಿಯೇ ಹಾಸುಬಂಡೆಯ ಮೇಲೆ ನಿಧಾನವಾಗಿ ಏರುವ ಗುಡ್ಡವದು. ಕೆಲವೇ ನಿಮಿಷಗಳಲ್ಲಿ ಮೇಲಿರುತ್ತೀರಿ, ಮೆಟ್ಟಿಲುಗಳ ತೊಂದರೆ ಕಡಿಮೆ. ಅಲ್ಲಿಯ ಪುಟ್ಟ ಶಿವಾಲಯಗಳಲ್ಲಿ ಕೆಲವು ವಿಜಯನಗರಕ್ಕಿಂತ ಹಿಂದಿನವು. ಮೆಟ್ಟಿಲುಮೆಟ್ಟಿಲಾಗಿ ಏರುವ ಅವುಗಳ ಶಿಖರಗಳನ್ನು ಬೆಳಗಿನ ಓರೆಬಿಸಿಲಿನಲ್ಲಿ ನೋಡಿದವರು ಮಾತಂಗ ತಪ್ಪಿತೆಂದು ಕೊರಗುವುದನ್ನು ನಾನು ಕಂಡಿಲ್ಲ. ಕೋತಿಗಳಿವೆ, ತಿಂಡಿಯ ಚೀಲ ಕೈಯಲ್ಲಿ ಹಿಡಿದು ತಿರುಗಬೇಡಿ. 575 ಮೆಟ್ಟಿಲುಗಳ ಅಂಜನಾದ್ರಿಯನ್ನು ಈ ಸಲ ಬಿಟ್ಟುಬಿಡಿ.

ಮೊದಲ ದಿನ ಸೈಕಲ್‌ಗೆ ಇರಲಿ. ಕಮಲಾಪುರದಲ್ಲಿ ಉಳಿದುಕೊಂಡರೆ ಅನುಕೂಲ. ಹಂಪಿ ಬಜಾರ್ ಅಲ್ಲಿಂದ ಸುಮಾರು ನಾಲ್ಕು ಕಿಲೋಮೀಟರ್. ಬೆಳಿಗ್ಗೆ ರಾಣಿಯ ಸ್ನಾನಗೃಹ, ಮಹಾನವಮಿ ದಿಬ್ಬ, ಹಜಾರ ರಾಮ, ಆನೆ ಲಾಯಗಳನ್ನು ನೋಡಿ. ದಿಬ್ಬದ ಆವರಣದಲ್ಲಿ ಕಂಬಗಳ ಮೇಲೆ ಸಾಗುವ ಕಲ್ಲಿನ ನೀರುಕಾಲುವೆಯೊಂದಿದೆ. ಅದನ್ನು ಹಿಡಿದು ನಡೆದರೆ ಮೆಟ್ಟಿಲುಗಳ ಪುಷ್ಕರಣಿಯ ಬಳಿಗೆ ಬರುತ್ತೀರಿ. ಪುಷ್ಕರಣಿಯ ಕಲ್ಲುಗಳ ಮೇಲೆ, ಯಾವ ಕಲ್ಲು ಯಾವ ಮಗ್ಗುಲಿನ ಎಷ್ಟನೆಯ ಸಾಲಿನದೆಂದು ಅಂದಿನ ಕಲ್ಲುಕುಟಿಗರು ಕೊರೆದ ಗುರುತಿನ ಅಕ್ಷರಗಳು ಇನ್ನೂ ಇವೆ. ಅವನ್ನು ಹುಡುಕಲು ಮಗನಿಗೆ ಹೇಳಿ. ಮಧ್ಯಾಹ್ನದ ಬಿಡುವಿನ ನಂತರ ಹಂಪಿ ರಸ್ತೆಯಲ್ಲಿ ನೆಲಮಟ್ಟಕ್ಕಿಂತ ಕೆಳಗಿರುವ ಪ್ರಸನ್ನ ವಿರೂಪಾಕ್ಷ, 1528ರ ಲಕ್ಷ್ಮೀನರಸಿಂಹ, ಅದರ ಪಕ್ಕದ ಬಡವಿಲಿಂಗ, ಕೃಷ್ಣದೇವರಾಯ ಉದಯಗಿರಿಯ ವಿಜಯದ ನಂತರ 1513ರ ಹೊತ್ತಿಗೆ ಕಟ್ಟಿಸಿದ ಕೃಷ್ಣ ದೇವಾಲಯ ಇವಿಷ್ಟು ಸಾಕು. ಟಿಕೆಟ್ ಇರುವ ಆವರಣಗಳ ಹೊರಗೆ ಸೈಕಲ್ ಬೀಗ ಹಾಕಿ ನಿಲ್ಲಿಸಿ, ಮಂಟಪದ ಕಂಬಗಳಿಗೆ ಎಂದಿಗೂ ಒರಗಿಸಬೇಡಿ. ಟಿಕೆಟನ್ನು ಜೋಪಾನವಾಗಿಡಿ, ಬಾಗಿಲು ಮುಚ್ಚುವ ವೇಳೆಯನ್ನೂ ಅಲ್ಲಿಯೇ ಕೇಳಿಕೊಳ್ಳಿ.

ಎರಡನೆಯ ದಿನ ನಡಿಗೆ. ಇದೇ ಹಂಪಿಯ ಸಾರವೆಂದು ನಾನು ನಂಬಿದ್ದೇನೆ. ವಿರೂಪಾಕ್ಷ ದೇವಾಲಯದೊಳಗೆ ಬರಿಗಾಲಲ್ಲಿ ಹೋಗಬೇಕಾದ್ದರಿಂದ ಹಾಸುಗಲ್ಲು ಕಾಯುವ ಮೊದಲೇ ದರ್ಶನ ಮುಗಿಸಿಕೊಳ್ಳಿ. ಅಲ್ಲಿಂದ ರಥಬೀದಿಯಲ್ಲಿ ಪೂರ್ವಕ್ಕೆ ಎದುರು ಬಸವಣ್ಣನತ್ತ ನಡೆಯಿರಿ. ಬಸವಣ್ಣನ ಪಕ್ಕದಲ್ಲಿ ಮೆಟ್ಟಿಲೇರಿ ಗುಡ್ಡದ ಕಣಿವೆ ದಾಟಿದರೆ ಅಚ್ಯುತರಾಯ ದೇವಾಲಯ. ಬಸವಣ್ಣನನ್ನು ತಲುಪುವ ಮೊದಲೇ ಎಡಕ್ಕೆ ತಿರುಗಿದರೆ ಹೊಳೆಯ ದಾರಿ, ಅಂದರೆ ಚಕ್ರತೀರ್ಥ, ಕೋದಂಡರಾಮ ದೇವಾಲಯಗಳ ದಾರಿ. ಮಂಡಿಯ ಕಾರಣಕ್ಕೆ ನೀವು ಎಡದ ದಾರಿಯನ್ನೇ ಹಿಡಿಯಿರಿ. ಅಚ್ಯುತರಾಯನ ರಥಬೀದಿ ಮುಂದೆ ಅದೇ ದಾರಿಗೆ ಬಂದು ಸೇರುವುದರಿಂದ ಆ ದೇವಾಲಯವನ್ನು ಸಮತಟ್ಟಾದ ಬೀದಿಯಲ್ಲಿಯೇ ಹೋಗಿ ನೋಡಿಬರಬಹುದು. ವಿಠ್ಠಲದವರೆಗೆ ಸುಮಾರು ಎರಡು ಕಿಲೋಮೀಟರ್. ವೇಗವಾಗಿ ನಡೆದರೆ ಅರ್ಧ ಗಂಟೆ, ಆದರೆ ನೀವು ಎರಡು ಗಂಟೆ ಇಟ್ಟುಕೊಳ್ಳಿ.

ದಾರಿಬದಿಯ ದೊಡ್ಡ ಬಂಡೆಗಳನ್ನು ಹತ್ತಿರದಿಂದ ನೋಡಿ. ಕೆಲವುಗಳ ಅಂಚಿನಲ್ಲಿ ಒತ್ತೊತ್ತಾಗಿ ಕೊರೆದ ಚೌಕ ಗುಳಿಗಳ ಸಾಲು ಕಾಣುತ್ತದೆ. ಆ ಗುಳಿಗಳಿಗೆ ಬೆಣೆ ಬಡಿದು ಬಂಡೆಯನ್ನು ನೇರವಾಗಿ ಸೀಳುತ್ತಿದ್ದರು. ಗುಳಿ ಕೊರೆದು ಸೀಳದೆಯೇ ಬಿಟ್ಟ ಬಂಡೆಗಳೂ ಇವೆ. ಸೀಳಿದ ಬಂಡೆಯಲ್ಲಿ ಅರ್ಧ ಗುಳಿಗಳು ಹಲ್ಲಿನ ಸಾಲಿನಂತೆ ಉಳಿದಿರುತ್ತವೆ. ನೀವು ನೋಡಿಬಂದ ಕಂಬಗಳೆಲ್ಲ ಇಂಥ ಬಂಡೆಗಳಿಂದಲೇ ಹುಟ್ಟಿದವು ಎಂಬುದು ಅಲ್ಲಿ ಬೆರಳಿಗೆ ತಾಕುತ್ತದೆ. ಇನ್ನೂ ಮುಂದೆ ಪುರಂದರ ಮಂಟಪದ ಬಳಿ ಹೊಳೆಗೆ ಅಡ್ಡಲಾಗಿ ಕಲ್ಲುಕಂಬಗಳ ಸಾಲು ನಿಂತಿದೆ, ಹಳೆಯ ಸೇತುವೆಯದು. ಹೊಳೆಯನ್ನು ಅಲ್ಲಿಂದ ನೋಡಿದರೆ ಸಾಕು, ಇಳಿಯಬೇಡಿ. ನೀರಿನಡಿಯ ಬಂಡೆಗಳ ನಡುವೆ ಸುಳಿಗಳಿವೆ, ಮೊಸಳೆಗಳೂ ಇವೆ, ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಾಗ ಹರಿವು ಬೇಗ ಏರುತ್ತದೆ. ಆನೆಗೊಂದಿಗೆ ದೋಣಿಯಲ್ಲಿ ದಾಟುವ ಮನಸ್ಸಿದ್ದರೆ ಹೊಳೆ ತಗ್ಗಿರುವ ದಿನ, ಜೀವರಕ್ಷಕ ಅಂಗಿ ಕೊಡುವವರ ದೋಣಿಯಲ್ಲಿ ಮಾತ್ರ ಹೋಗಿ; ಕೊನೆಯ ದೋಣಿ ಎಷ್ಟು ಹೊತ್ತಿಗೆ ಎಂದು ಹತ್ತುವ ಮುನ್ನವೇ ಕೇಳಿ. ವಿಠ್ಠಲದಿಂದ ಹಿಂದಿರುಗಲು ಆಯಾಸವಾಗಿದ್ದರೆ ಬ್ಯಾಟರಿ ವಾಹನ ಹಿಡಿದು ತಳಾರಿಘಟ್ಟದ ಕಡೆಗೆ ಹೋಗಿ, ಅಲ್ಲಿಂದ ಆಟೊದಲ್ಲಿ ಕಮಲಾಪುರಕ್ಕೆ ಬನ್ನಿ. ಇದರಿಂದ ನಡಿಗೆಯ ಬೆಲೆ ಕುಗ್ಗುವುದಿಲ್ಲ.

ಮೊಬೈಲ್ ನಕ್ಷೆಯ ಮಾತು. ಹೆಸರಿರುವ ರಸ್ತೆಗಳಿಗೂ ಈಗ ಹೇಳಿದ ದಾರಿಗೂ ಅದನ್ನು ನಂಬಬಹುದು. ಅದರಲ್ಲಿ ಕಾಣುವ ಸಣ್ಣ ಚುಕ್ಕೆಗೆರೆಗಳನ್ನು ನಂಬಬೇಡಿ. ಅವುಗಳಲ್ಲಿ ಎಷ್ಟೋ ಕುರಿ ಮೇಯಿಸುವವರು ಮಾಡಿಕೊಂಡ ಹಾದಿಗಳು. ಬಂಡೆರಾಶಿಯ ನಡುವೆ, ಬಾಳೆತೋಟದ ಬದುವಿನಲ್ಲಿ, ಕಾಲುವೆಯ ಅಂಚಿನಲ್ಲಿ ಮುಗಿದುಹೋಗುತ್ತವೆ. ನಕ್ಷೆ ಮೇಲಿನಿಂದ ನೋಡಿದ ಚಿತ್ರವಾದ್ದರಿಂದ ಹತ್ತಡಿ ಎತ್ತರದ ಬಂಡೆಯೂ ಅದರಲ್ಲಿ ಬಯಲಿನಂತೆಯೇ ಕಾಣುತ್ತದೆ. ಸೈಕಲ್‌ಗಂತೂ ಅಂಥ ಹಾದಿಯಲ್ಲಿ ಬಳ್ಳಾರಿ ಜಾಲಿಯ ಮುಳ್ಳು ಕಾದಿರುತ್ತದೆ. ಒಣಗಿ ಮಣ್ಣಿನ ಬಣ್ಣಕ್ಕೆ ತಿರುಗಿದ ಆ ಮುಳ್ಳು ಕಣ್ಣಿಗೆ ಬೀಳುವ ಮುನ್ನವೇ ಟೈರಿನೊಳಗಿರುತ್ತದೆ, ಪಂಕ್ಚರ್ ಅಂಗಡಿ ಕಮಲಾಪುರದಲ್ಲಿರುತ್ತದೆ. ಬಾಡಿಗೆ ಕೊಟ್ಟವರ ಫೋನ್ ಸಂಖ್ಯೆ ಬರೆದಿಟ್ಟುಕೊಂಡು, ಪಂಕ್ಚರ್ ಆದರೆ ಯಾರು ಬರುತ್ತಾರೆ, ಖರ್ಚು ಯಾರದು ಎಂಬುದನ್ನು ಹೊರಡುವ ಮೊದಲೇ ಮಾತನಾಡಿಕೊಳ್ಳಿ. ನೆರಳಿಗೆಂದು ಒಡೆದ ಮಂಟಪಗಳ ಕೆಳಗೆ ಕೂರುವಾಗಲೂ, ಫೋಟೊಕ್ಕೆಂದು ಗೋಡೆ ಹತ್ತುವಾಗಲೂ ಎಚ್ಚರ ಬೇಕು. ಗಾರೆ ಉದುರಿಹೋಗಿ ಬರೀ ಭಾರದ ಮೇಲೆ ನಿಂತ ಕಲ್ಲುಗಳವು. 2019ರಲ್ಲಿ ಆನೆ ಲಾಯದ ಹಿಂಭಾಗದ ದೇವಾಲಯವೊಂದರ ಕಂಬವನ್ನು ಕೆಲವು ಯುವಕರು ತಳ್ಳಿ ಉರುಳಿಸಿದಾಗ ನ್ಯಾಯಾಲಯ ತಲಾ 70,000 ರೂಪಾಯಿ ದಂಡ ವಿಧಿಸಿ, ಆ ಕಂಬವನ್ನು ಮತ್ತೆ ನಿಲ್ಲಿಸುವ ಕೆಲಸದಲ್ಲಿ ಅವರನ್ನೇ ತೊಡಗಿಸಿತ್ತು. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಲು ಕಾನೂನಿನಲ್ಲಿ ಅವಕಾಶವಿದೆ.

ಗೈಡ್ ವಿಷಯದಲ್ಲಿ ನನ್ನ ಸಲಹೆ, ಎರಡೂ ದಿನ ಬೇಡ, ಒಂದು ದಿನ ಖಂಡಿತ ಬೇಕು. ಸೈಕಲ್ ದಿನದಲ್ಲಿ ಫಲಕಗಳಿವೆ, ರಸ್ತೆ ಸ್ಪಷ್ಟವಿದೆ, ನಿಮ್ಮ ವೇಗದಲ್ಲಿ ನೀವೇ ಹೋಗಬಹುದು. ನಡಿಗೆಯ ದಿನ ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಇರುವ ಗೈಡ್ ಒಬ್ಬರನ್ನು ಅರ್ಧ ದಿನಕ್ಕೆ ಗೊತ್ತುಮಾಡಿಕೊಳ್ಳಿ, ಹೊಳೆದಂಡೆಯ ದಾರಿಯಲ್ಲಿ ನಡೆದೇ ವಿಠ್ಠಲಕ್ಕೆ ಹೋಗಬೇಕೆಂದು ಮೊದಲೇ ಸ್ಪಷ್ಟಪಡಿಸಿ. ಕೆಲವರು ವಾಹನದ ದಾರಿಗೇ ಒತ್ತಾಯಿಸುತ್ತಾರೆ, ಅಂಥವರನ್ನು ಬಿಟ್ಟು ನಡೆಯಲು ಒಪ್ಪುವವರನ್ನು ಹುಡುಕಿ. ಡಿಸೆಂಬರ್ ಕೊನೆಯ ವಾರ ಶಾಲೆಗಳ ಪ್ರವಾಸದ ಬಸ್ಸುಗಳಿಂದ ಹಂಪಿ ತುಂಬಿರುತ್ತದೆ. ಕೋಣೆಯನ್ನೂ ಗೈಡನ್ನೂ ಹದಿನೈದು ದಿನ ಮುಂಚೆಯೇ ಗೊತ್ತುಮಾಡಿಕೊಳ್ಳಿ, ಸಾಧ್ಯವಾದರೆ ಶನಿವಾರ ಭಾನುವಾರಗಳನ್ನು ತಪ್ಪಿಸಿ.